ಕಳೆದುಹೋದ ಬೆಳಕಿನ ಲೆಕ್ಕ: ನೀರಿನಲ್ಲಿ ಚಿನ್ನದ ನ್ಯಾನೋಕಣಗಳನ್ನು ಅಳೆಯುವುದು ಹೇಗೆ?

ಕೆಮಿಸ್ಟ್ರಿ ಇರಲಿ, ಬಯೋಟೆಕ್ ಇರಲಿ, ಮೆಟೀರಿಯಲ್ಸ್ ಇರಲಿ, ನಮ್ಮಲ್ಲಿ ಲ್ಯಾಬ್ ಕೆಲಸ ಮಾಡುವವರೆಲ್ಲ ಒಂದಲ್ಲ ಒಂದು ದಿನ ಸ್ಪೆಕ್ಟ್ರೋಫೋಟೋಮೀಟರ್ ಮುಂದೆ ಕೂರಲೇಬೇಕು. ಸ್ಯಾಂಪಲ್ ಇಡುತ್ತೇವೆ, ಮುಚ್ಚಳ ಹಾಕುತ್ತೇವೆ, ಬಟನ್ ಒತ್ತುತ್ತೇವೆ. ಪರದೆಯ ಮೇಲೆ ಒಂದು ಗೆರೆ ಗುಡ್ಡದ ಹಾಗೆ ಏರಿ ಇಳಿಯುತ್ತದೆ. ಪಕ್ಕದಲ್ಲಿ 'ಅಬ್ಸಾರ್ಬೆನ್ಸ್' ಎಂದು ಬರೆದಿರುತ್ತದೆ. ಅದನ್ನೇ ನಾವು ವರದಿಯಲ್ಲಿ 'ಇಷ್ಟು ಬೆಳಕನ್ನು ಸ್ಯಾಂಪಲ್ ಹೀರಿಕೊಂಡಿತು' ಎಂದು ಬರೆದುಬಿಡುತ್ತೇವೆ.

ನೀರಿನಲ್ಲಿ ಕರಗಿದ ಬಣ್ಣದ ವಿಷಯದಲ್ಲಿ ಈ ಮಾತು ಸರಿ. ಲೋಹದ ನ್ಯಾನೋಕಣಗಳ ವಿಷಯದಲ್ಲಿ ಹಾಗಲ್ಲ. ಯಂತ್ರ ಹೇಳುವುದು 'ಇಷ್ಟು ಬೆಳಕು ನನ್ನ ಕೈಗೆ ಬರಲಿಲ್ಲ' ಎಂದು ಮಾತ್ರ. ಅದು ಎಲ್ಲಿಗೆ ಹೋಯಿತು ಅನ್ನೋದು ಯಂತ್ರಕ್ಕೆ ಗೊತ್ತಿಲ್ಲ. ಅದನ್ನು ಕಂಡುಹಿಡಿಯುವ ಕೆಲಸ ನಮ್ಮದು. ಈ ಪಾಠದಲ್ಲಿ ಆ ಲೆಕ್ಕವನ್ನು ಮೊದಲಿನಿಂದ ನೋಡೋಣ. ಪಿಯುಸಿ ಮಟ್ಟದ ಭೌತಶಾಸ್ತ್ರ ನೆನಪಿದ್ದರೆ ಸಾಕು.

1. ಬೆಳಕು ಹೋಗುವ ಮೂರು ದಾರಿ

ಪರ್ಸಿನಲ್ಲಿ 100 ರೂಪಾಯಿ ಇಟ್ಟುಕೊಂಡು ಸಂತೆಗೆ ಹೋಗಿ, ಮನೆಗೆ ಬಂದು ನೋಡಿದರೆ 40 ರೂಪಾಯಿ ಉಳಿದಿದೆ ಅಂದುಕೊಳ್ಳಿ. 60 ರೂಪಾಯಿ ಇಲ್ಲ. ಎಲ್ಲವೂ ಖರ್ಚಾಯಿತೇ? ಅಥವಾ ಅದರಲ್ಲಿ ಸ್ವಲ್ಪ ದಾರಿಯಲ್ಲಿ ಸಿಕ್ಕ ಗೆಳೆಯನಿಗೆ ಕೊಟ್ಟದ್ದೋ? ಪರ್ಸನ್ನು ಎಷ್ಟು ಸಲ ಎಣಿಸಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ. ಖರ್ಚಾದ ಹಣ ಮುಗಿದಂತೆ, ಗೆಳೆಯನ ಕೈಗೆ ಹೋದ ಹಣ ಇನ್ನೂ ಹಣವಾಗಿಯೇ ಇದೆ, ಬೇರೆ ಕಡೆ ಇದೆ ಅಷ್ಟೇ.

ಕಣಗಳಿರುವ ನೀರಿನೊಳಗೆ ನೇರವಾಗಿ ಹೋಗುವ ಬೆಳಕಿನ ಕಥೆಯೂ ಇಷ್ಟೇ. ಅದರಲ್ಲಿ ಒಂದು ಪಾಲು ಏನೂ ಆಗದೆ ಆಚೆ ದಾಟುತ್ತದೆ. ಇನ್ನೊಂದು ಪಾಲನ್ನು ಕಣ ಹೀರಿಕೊಳ್ಳುತ್ತದೆ, ಆ ಶಕ್ತಿ ಶಾಖವಾಗಿ ಸುತ್ತಲಿನ ನೀರಿಗೆ ಸೇರುತ್ತದೆ. ಇದು ಹೀರಿಕೆ. ಮೂರನೆಯ ಪಾಲು ಕಣಕ್ಕೆ ತಾಗಿ ದಿಕ್ಕು ಬದಲಿಸಿ, ಪಕ್ಕಕ್ಕೋ ಹಿಂದಕ್ಕೋ ಹೊರಟುಹೋಗುತ್ತದೆ. ಇದು ಚದುರಿಕೆ. ಹೀರಿಕೆಯಲ್ಲಿ ಬೆಳಕು ಮುಗಿಯುತ್ತದೆ, ಚದುರಿಕೆಯಲ್ಲಿ ಬೆಳಕು ಬೆಳಕಾಗಿಯೇ ಉಳಿಯುತ್ತದೆ. ನೇರ ದಾರಿಯ ಕೊನೆಯಲ್ಲಿ ಕೂತಿರುವ ಡಿಟೆಕ್ಟರ್‌ಗೆ ಮಾತ್ರ ಎರಡೂ ಒಂದೇ: ಎರಡೂ ಬರಲಿಲ್ಲ!

ಈ ಎರಡೂ ಸೇರಿದ ಮೊತ್ತಕ್ಕೆ ಎಕ್ಸ್‌ಟಿಂಕ್ಷನ್ ಎಂಬ ಹೆಸರಿದೆ. ಈ ಪಾಠದಲ್ಲಿ ಅದನ್ನು 'ಒಟ್ಟು ನಷ್ಟ' ಎನ್ನೋಣ. ನೆನಪಿಡಬೇಕಾದ ಸೂತ್ರ ಒಂದೇ ಸಾಲಿನದು:

ಒಟ್ಟು ನಷ್ಟ = ಹೀರಿಕೆ + ಚದುರಿಕೆ

ಚದುರಿಕೆ ನಮಗೆ ಹೊಸದೇನಲ್ಲ. ಮಡಿಕೇರಿ ಘಾಟಿಯ ಮಂಜಿನಲ್ಲಿ ಎದುರಿನ ಬಸ್ಸಿನ ಹೆಡ್‌ಲೈಟ್ ಮಂಕಾಗಿ ಕಾಣುತ್ತದೆ, ಆದರೆ ಸುತ್ತಲಿನ ಮಂಜೆಲ್ಲ ಬೆಳ್ಳಗೆ ಹೊಳೆಯುತ್ತದೆ. ನೀರಿನ ಹನಿಗಳು ಆ ಬೆಳಕನ್ನು ಹೀರಿಕೊಂಡಿಲ್ಲ, ಎಲ್ಲ ಕಡೆಗೂ ಎರಚಿವೆ. ಅದೇ ಬೆಳಕಿಗೆ ಹಾಲಿಲ್ಲದ ಕಾಫಿ ಡಿಕಾಕ್ಷನ್ ಅಡ್ಡ ಹಿಡಿದರೆ? ಆಗಲೂ ಬೆಳಕು ಮಂಕಾಗುತ್ತದೆ, ಆದರೆ ಡಿಕಾಕ್ಷನ್ ಹೊಳೆಯುವುದಿಲ್ಲ. ಮಂಜಿನಲ್ಲಿ ಚದುರಿಕೆಯೇ ಮುಖ್ಯ, ಡಿಕಾಕ್ಷನ್‌ನಲ್ಲಿ ಹೀರಿಕೆಯೇ ಮುಖ್ಯ. ಲೋಹದ ನ್ಯಾನೋಕಣಗಳು ಈ ಎರಡರ ನಡುವೆ ಬರುತ್ತವೆ. ಯಾವ ಕಡೆ ಎಷ್ಟು ವಾಲುತ್ತವೆ ಅನ್ನೋದು ಮುಖ್ಯವಾಗಿ ಅವುಗಳ ಗಾತ್ರದ ಮೇಲಿದೆ.

2. ಚಿನ್ನ ಕೆಂಪಾಗುವುದು ಯಾಕೆ?

ಚಿನ್ನ ಅಂದ ಕೂಡಲೇ ನಮ್ಮವರಿಗೆ ಕೆಜಿಎಫ್ ನೆನಪಾಗುವುದು ಸಹಜ. ಇಲ್ಲಿ ನಮಗೆ ಬೇಕಾದದ್ದು ಒಂದು ಮಿಲಿಗ್ರಾಂಗಿಂತಲೂ ಕಡಿಮೆ ಚಿನ್ನ. ಅದನ್ನು 20 ನ್ಯಾನೋಮೀಟರ್ ಅಗಲದ ಗುಂಡುಗಳಾಗಿ ನೀರಿನಲ್ಲಿ ಹರಡಿದರೆ ನೀರು ಮಾಣಿಕ್ಯದ ಹಾಗೆ ಕೆಂಪಾಗುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ನ್ಯಾನೋಮೀಟರ್. ಬೆಳಕಿನ ತರಂಗಾಂತರ 400ರಿಂದ 700 ನ್ಯಾನೋಮೀಟರ್. ಅಂದ್ರೆ ಬೆಳಕಿನ ಒಂದು ಅಲೆಯ ಮುಂದೆ ನಮ್ಮ ಕಣ ತೀರಾ ಚಿಕ್ಕದು.

ಲೋಹದೊಳಗೆ ಸ್ವತಂತ್ರವಾಗಿ ಓಡಾಡುವ ಎಲೆಕ್ಟ್ರಾನುಗಳಿವೆ. ಬೆಳಕಿನ ವಿದ್ಯುತ್ ಕ್ಷೇತ್ರ ಅವನ್ನೆಲ್ಲ ಒಟ್ಟಿಗೆ ಒಂದು ಬದಿಗೆ ತಳ್ಳುತ್ತದೆ, ಮರುಕ್ಷಣ ಇನ್ನೊಂದು ಬದಿಗೆ ಎಳೆಯುತ್ತದೆ. ಚಿಕ್ಕ ಕಣದಲ್ಲಿ ಈ ಎಲೆಕ್ಟ್ರಾನುಗಳ ಗುಂಪು ಉಯ್ಯಾಲೆಯಂತೆ ತೂಗುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಹೇಗೆ ಜೋರಾಗಿ ಜೀಕುತ್ತದೋ, ಹಾಗೆ ಒಂದು ನಿರ್ದಿಷ್ಟ ತರಂಗಾಂತರದ ಬೆಳಕಿಗೆ ಈ ಎಲೆಕ್ಟ್ರಾನುಗಳು ಅತಿ ಜೋರಾಗಿ ತೂಗುತ್ತವೆ. ಇದಕ್ಕೆ ಪ್ಲಾಸ್ಮಾನ್ ಅನುರಣನೆ ಎನ್ನುತ್ತಾರೆ. ನೀರಿನಲ್ಲಿರುವ 20 ನ್ಯಾನೋಮೀಟರ್ ಚಿನ್ನದ ಗುಂಡಿಗೆ ಇದು ಆಗುವುದು ಸುಮಾರು 520 ನ್ಯಾನೋಮೀಟರ್‌ನಲ್ಲಿ, ಅಂದ್ರೆ ಹಸಿರು ಬೆಳಕಿನಲ್ಲಿ. ಹಸಿರು ಹೋಯಿತು, ಕೆಂಪು ಉಳಿಯಿತು. ಚಿಕ್ಕ ಬೆಳ್ಳಿಯ ಗುಂಡುಗಳಿಗೆ ಇದೇ ಅನುರಣನೆ 400 ನ್ಯಾನೋಮೀಟರ್ ಆಸುಪಾಸು, ನೇರಳೆ ಬೆಳಕಿನಲ್ಲಿ ಬರುತ್ತದೆ. ಹಾಗಾಗಿ ಬೆಳ್ಳಿ ಕಣಗಳ ನೀರು ಹಳದಿ.

ಇದನ್ನು ಮೊದಲು ಕ್ರಮವಾಗಿ ಪರೀಕ್ಷಿಸಿದವರು ಮೈಕಲ್ ಫ್ಯಾರಡೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಚಿನ್ನದ ಲವಣವನ್ನು ರಂಜಕದಿಂದ ಅಪಕರ್ಷಿಸಿ ಕೆಂಪು ದ್ರವ ಮಾಡಿ, 1857ರಲ್ಲಿ ತಮ್ಮ ಪ್ರಬಂಧ ಪ್ರಕಟಿಸಿದರು. ಅದರೊಳಗೆ ಬೆಳಕಿನ ಕಿರಣ ಹಾಯಿಸಿದಾಗ ಪಕ್ಕದಿಂದ ಕಿರಣದ ದಾರಿ ಕಾಣುವುದನ್ನು ನೋಡಿ, ಇದು ಕರಗಿದ ಚಿನ್ನವಲ್ಲ, ತೇಲುವ ಅತಿ ಸೂಕ್ಷ್ಮ ಕಣಗಳು ಎಂದು ಗುರುತಿಸಿದರು. ಅಂದ್ರೆ ಚದುರಿಕೆಯೇ ಅವರಿಗೆ ಸಿಕ್ಕ ಸಾಕ್ಷಿ. ಅವರು ಮಾಡಿದ ಮಾದರಿಗಳು ಇಂದಿಗೂ ಅದೇ ಸಂಸ್ಥೆಯಲ್ಲಿವೆ. ಇದರ ಪೂರ್ತಿ ಗಣಿತ ಬಂದದ್ದು 1908ರಲ್ಲಿ, ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿದ್ದ ಗುಸ್ತಾವ್ ಮೀ ಅವರಿಂದ. ಗುಂಡಗಿನ ಕಣ ಎಷ್ಟು ಹೀರುತ್ತದೆ, ಎಷ್ಟು ಚದುರಿಸುತ್ತದೆ ಎಂದು ಲೆಕ್ಕ ಹಾಕಲು ನಾವು ಇವತ್ತಿಗೂ ಬಳಸುವುದು ಅವರ ಸಿದ್ಧಾಂತವನ್ನೇ.

ಕಣ್ಣಾರೆ ನೋಡಬೇಕೆಂದರೆ ಬ್ರಿಟಿಷ್ ಮ್ಯೂಸಿಯಮ್‌ನಲ್ಲಿರುವ ಲೈಕರ್ಗಸ್ ಬಟ್ಟಲನ್ನು ನೋಡಬೇಕು. ಕ್ರಿ.ಶ. 4ನೇ ಶತಮಾನದ ರೋಮನ್ ಗಾಜಿನ ಬಟ್ಟಲು ಅದು. ಮುಂದಿನಿಂದ ಬೆಳಕು ಬಿದ್ದಾಗ ಹಸಿರು, ಹಿಂದಿನಿಂದ ಬೆಳಕು ಹಾಯ್ದಾಗ ಕೆಂಪು! ಆ ಗಾಜಿನಲ್ಲಿ ಬೆಳ್ಳಿ-ಚಿನ್ನ ಬೆರೆತ, ಸುಮಾರು 50ರಿಂದ 100 ನ್ಯಾನೋಮೀಟರ್ ಗಾತ್ರದ ಕಣಗಳಿವೆ. ನಮ್ಮ ಕಣ್ಣಿಗೆ ಚದುರಿ ಬಂದದ್ದು ಹಸಿರು, ದಾಟಿ ಬಂದದ್ದು ಕೆಂಪು. ಒಂದೇ ಬಟ್ಟಲು ಎರಡು ಲೆಕ್ಕವನ್ನೂ ತೋರಿಸುತ್ತದೆ.

3. ಯಂತ್ರ ಕೊಡುವ ಅಂಕಿಯ ಅರ್ಥ

ಸಾಮಾನ್ಯವಾಗಿ ನಾವು ಬಳಸುವ ಕ್ಯುವೆಟ್‌ನಲ್ಲಿ ಬೆಳಕು ದಾಟುವ ದೂರ 1 ಸೆಂಟಿಮೀಟರ್, ಅದು ಹಿಡಿಯುವ ದ್ರವ ಸುಮಾರು 3 ಮಿಲಿಲೀಟರ್. ಮೊದಲು ಬರೀ ನೀರಿಟ್ಟು ಅಳೆಯುತ್ತೇವೆ, ಇದು ಬ್ಲ್ಯಾಂಕ್. ಆಮೇಲೆ ಸ್ಯಾಂಪಲ್. ನೀರಿನಲ್ಲಿ ಬಂದ ಬೆಳಕನ್ನು ಸ್ಯಾಂಪಲ್‌ನಲ್ಲಿ ಬಂದ ಬೆಳಕಿನಿಂದ ಭಾಗಿಸಿ, 10ರ ಆಧಾರದ ಲಾಗರಿದಮ್ ತೆಗೆದರೆ ಪರದೆಯ ಮೇಲಿನ ಅಂಕಿ ಸಿಗುತ್ತದೆ. ಅಂಕಿ 0.3 ಆದರೆ ಬೆಳಕಿನ ಅರ್ಧದಷ್ಟು ದಾಟಿದೆ, 1 ಆದರೆ ಶೇ. 10, 2 ಆದರೆ ಶೇ. 1, 3 ಆದರೆ ಸಾವಿರದಲ್ಲಿ ಒಂದು ಪಾಲು. ಅಂಕಿ ಏರಿದಂತೆ ಡಿಟೆಕ್ಟರ್‌ಗೆ ಸಿಗುವುದು ಅತಿ ಕಡಿಮೆ. ಆದ್ದರಿಂದ 0.1ರಿಂದ 1ರ ನಡುವೆ ಬರುವಂತೆ ಸ್ಯಾಂಪಲ್ ತೆಳುಮಾಡಿಕೊಳ್ಳುವುದು ಒಳ್ಳೆಯದು.

ಈ ಅಂಕಿಯಿಂದ ಕಣಗಳನ್ನು ಎಣಿಸಬಹುದು. 20 ನ್ಯಾನೋಮೀಟರ್ ಚಿನ್ನದ ಕಣಕ್ಕೆ ಅನುರಣನೆಯ ಶಿಖರದಲ್ಲಿ ಮೋಲಾರ್ ಗುಣಾಂಕ ಸುಮಾರು 90 ಕೋಟಿ, ಪ್ರತಿ ಮೋಲಾರ್‌ಗೆ ಪ್ರತಿ ಸೆಂಟಿಮೀಟರ್‌ಗೆ. ಗಾಢ ಬಣ್ಣದ ಒಂದು ಡೈ ಅಣುವಿಗೆ ಇದೇ ಗುಣಾಂಕ ಒಂದು ಲಕ್ಷದ ಆಸುಪಾಸು. ಅಂದ್ರೆ ಒಂದು ಚಿನ್ನದ ಕಣ ಸಾವಿರಾರು ಡೈ ಅಣುಗಳ ಕೆಲಸ ಮಾಡುತ್ತದೆ.

ಈಗ ಲೆಕ್ಕ. ಶಿಖರದಲ್ಲಿ ಯಂತ್ರ 0.9 ತೋರಿಸಿತು ಅಂದುಕೊಳ್ಳಿ. 0.9 ಅನ್ನು 90 ಕೋಟಿಯಿಂದ ಭಾಗಿಸಿದರೆ 1 ನ್ಯಾನೋಮೋಲಾರ್. ಅವೊಗಾಡ್ರೋ ಸಂಖ್ಯೆ ಹಾಕಿದರೆ ಪ್ರತಿ ಮಿಲಿಲೀಟರ್‌ಗೆ ಸುಮಾರು 60 ಸಾವಿರ ಕೋಟಿ ಕಣಗಳು. ಕೇಳೋಕೆ ದೊಡ್ಡ ಸಂಖ್ಯೆ. ತೂಕ ಎಷ್ಟು? ಚಿನ್ನದ ಸಾಂದ್ರತೆ ಘನ ಸೆಂಟಿಮೀಟರ್‌ಗೆ 19.3 ಗ್ರಾಂ ಎಂದು ಹಿಡಿದರೆ ಪ್ರತಿ ಮಿಲಿಲೀಟರ್‌ಗೆ ಸುಮಾರು 0.05 ಮಿಲಿಗ್ರಾಂ. ಇಡೀ ಕ್ಯುವೆಟ್‌ನಲ್ಲಿ 0.15 ಮಿಲಿಗ್ರಾಂ ಅಷ್ಟೇ!

ಇದನ್ನೇ ಇನ್ನೊಂದು ದಾರಿಯಿಂದ ತಾಳೆ ನೋಡಬಹುದು. 400 ನ್ಯಾನೋಮೀಟರ್‌ನಲ್ಲಿ ಚಿನ್ನ ಬೇರೆ ಕಾರಣಕ್ಕೆ ಬೆಳಕು ಹೀರುತ್ತದೆ: ಲೋಹದ ಒಳಗಿನ ಎಲೆಕ್ಟ್ರಾನುಗಳು ಕೆಳಗಿನ ಶಕ್ತಿಪಟ್ಟಿಯಿಂದ ಮೇಲಿನದಕ್ಕೆ ಜಿಗಿಯುತ್ತವೆ. ಇದು ಗಾತ್ರಕ್ಕಿಂತ ಹೆಚ್ಚಾಗಿ ಚಿನ್ನದ ಪ್ರಮಾಣವನ್ನೇ ಹೇಳುತ್ತದೆ. ಇಲ್ಲಿ 1.2 ಬಂದರೆ ಚಿನ್ನದ ಪರಮಾಣುಗಳು ಸುಮಾರು 0.5 ಮಿಲಿಮೋಲಾರ್ ಇವೆ ಎಂದು ಲ್ಯಾಬ್‌ಗಳಲ್ಲಿ ಲೆಕ್ಕ ಹಿಡಿಯುತ್ತಾರೆ. ನಮ್ಮ 0.05 ಮಿಲಿಗ್ರಾಂ ಅಂದ್ರೆ 0.25 ಮಿಲಿಮೋಲಾರ್, ಹಾಗಾದರೆ 400ರಲ್ಲಿ 0.6ರ ಹತ್ತಿರ ಬರಬೇಕು. ಬಂದರೆ ಎರಡೂ ಲೆಕ್ಕ ಹೊಂದಿದವು ಅಂತ ಧೈರ್ಯ. ಗೆರೆಯ ಎಡಭಾಗ ಯಾಕೆ ಸೊನ್ನೆಗೆ ಇಳಿಯುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರಿಗೂ ಇದೇ ಉತ್ತರ. ಅದು ಕೊಳೆಯಲ್ಲ, ಚಿನ್ನದ ಗುಣ.

4. ಗಾತ್ರ ಎರಡರಷ್ಟಾದರೆ ಲೆಕ್ಕ ಏನಾಗುತ್ತದೆ?

ಪಾಠದ ತಿರುಳು ಇಲ್ಲಿದೆ. ಬೆಳಕಿನ ತರಂಗಾಂತರಕ್ಕಿಂತ ತುಂಬಾ ಚಿಕ್ಕದಾದ ಕಣದಲ್ಲಿ ಹೀರಿಕೆ ಕಣದ ಗಾತ್ರಫಲಕ್ಕೆ ತಕ್ಕಂತೆ ಏರುತ್ತದೆ. ಚದುರಿಕೆ ಗಾತ್ರಫಲದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದ್ರೆ ಕಣದ ವ್ಯಾಸ ಎರಡರಷ್ಟಾದರೆ ಹೀರಿಕೆ 8 ಪಟ್ಟು, ಚದುರಿಕೆ 64 ಪಟ್ಟು.

20 ನ್ಯಾನೋಮೀಟರ್ ಚಿನ್ನದ ಕಣದಲ್ಲಿ ಶಿಖರದ ಬಳಿ ಚದುರಿಕೆಯು ಹೀರಿಕೆಯ ಸುಮಾರು ಶೇ. 1 ಮಾತ್ರ. ಇಲ್ಲಿ 'ಒಟ್ಟು ನಷ್ಟ'ವನ್ನು 'ಹೀರಿಕೆ' ಎಂದು ಬರೆದರೂ ಯಾರೂ ಕಿವಿ ಹಿಂಡುವುದಿಲ್ಲ. 40 ನ್ಯಾನೋಮೀಟರ್‌ಗೆ ಬಂದರೆ ಆ ಶೇ. 1 ಎಂಬುದು ಶೇ. 8ರ ಹತ್ತಿರ ಹೋಗುತ್ತದೆ. 80 ನ್ಯಾನೋಮೀಟರ್‌ಗೆ ಅದೇ ಲೆಕ್ಕದಲ್ಲಿ ಶೇ. 64. ಅಷ್ಟು ದೊಡ್ಡ ಕಣಕ್ಕೆ ಈ ಸರಳ ನಿಯಮ ಪೂರ್ತಿ ಹೊಂದುವುದಿಲ್ಲ, ಮೀ ಸಿದ್ಧಾಂತದ ಪೂರ್ತಿ ಲೆಕ್ಕವೇ ಬೇಕು. ಆ ಲೆಕ್ಕವೂ ಹೇಳುವುದು ಹೆಚ್ಚುಕಡಿಮೆ ಇದನ್ನೇ: 80 ನ್ಯಾನೋಮೀಟರ್‌ನಲ್ಲಿ ಚದುರಿಕೆ ಮತ್ತು ಹೀರಿಕೆ ಹತ್ತಿರ ಹತ್ತಿರ ಸಮಬಲ. ಅದಕ್ಕಿಂತ ದೊಡ್ಡ ಗುಂಡುಗಳಲ್ಲಿ ಚದುರಿಕೆಯದೇ ಮೇಲುಗೈ. ಜೊತೆಗೆ ಶಿಖರವೂ ಕೆಂಪಿನ ಕಡೆಗೆ ಸರಿಯುತ್ತದೆ. 100 ನ್ಯಾನೋಮೀಟರ್ ಗುಂಡಿಗೆ ಅದು 570ರ ಆಸುಪಾಸು.

ಫೋನಿನ ಟಾರ್ಚ್ ಇದ್ದರೆ ಇದನ್ನು ಕಣ್ಣಲ್ಲೇ ನೋಡಬಹುದು. ಕತ್ತಲ ಕೋಣೆಯಲ್ಲಿ 20 ನ್ಯಾನೋಮೀಟರ್ ಸ್ಯಾಂಪಲ್ ಮೇಲೆ ಬೆಳಕು ಹಾಯಿಸಿ ಪಕ್ಕದಿಂದ ನೋಡಿದರೆ ತಿಳಿ ಕೆಂಪು ಶರಬತ್ತಿನ ಹಾಗಿರುತ್ತದೆ. 80ರ ಸ್ಯಾಂಪಲ್ ಪಕ್ಕದಿಂದ ಹಸಿರು-ಕಂದು ಛಾಯೆಯ ಮಬ್ಬಾಗಿ ಕಾಣುತ್ತದೆ. ಯಂತ್ರದಲ್ಲಿ ಎರಡೂ 0.9 ತೋರಿಸುತ್ತಿರಬಹುದು. ಆದರೆ ಎರಡರ ಒಳಕಥೆ ಒಂದೇ ಅಲ್ಲ.

5. ಎರಡನ್ನೂ ಬೇರ್ಪಡಿಸುವ ಮೂರು ವಿಧಾನ

ಮೊದಲನೆಯದು: ಪಕ್ಕದಿಂದ ನೋಡುವುದು. ಬಹುತೇಕ ವಿಭಾಗಗಳಲ್ಲಿ ಫ್ಲೋರಿಮೀಟರ್ ಇರುತ್ತದೆ. ಅದರ ಡಿಟೆಕ್ಟರ್ ಬೆಳಕಿನ ದಾರಿಗೆ 90 ಡಿಗ್ರಿಯಲ್ಲಿ ಕೂತಿರುತ್ತದೆ. ಒಳಗೆ ಹೋಗುವ ತರಂಗಾಂತರ, ಹೊರಗೆ ಅಳೆಯುವ ತರಂಗಾಂತರ ಎರಡನ್ನೂ ಒಂದೇ ಮಾಡಿ ಸ್ಕ್ಯಾನ್ ಮಾಡಿದರೆ ಸಿಗುವುದು ಚದುರಿದ ಬೆಳಕು. ಆದರೆ ಯಂತ್ರ ಕೊಡುವುದು ಬರೀ ಒಂದು ಎಣಿಕೆ, ಅದಕ್ಕೊಂದು ಅಳತೆಗೋಲು ಬೇಕು. ಅದಕ್ಕಾಗಿ ಬೆಳಕನ್ನು ಹೀರದೆ ಬರೀ ಚದುರಿಸುವ ಚಿಕ್ಕ ಸಿಲಿಕಾ ಕಣಗಳನ್ನು ಬಳಸಬಹುದು. ಅವುಗಳ ಒಟ್ಟು ನಷ್ಟವೆಲ್ಲ ಚದುರಿಕೆಯೇ ಆದ್ದರಿಂದ ಸ್ಪೆಕ್ಟ್ರೋಫೋಟೋಮೀಟರ್ ಅಂಕಿಯೇ ಅವುಗಳ ಚದುರಿಕೆಯ ಅಂಕಿ.

ಒಂದು ಉದಾಹರಣೆ ಹಾಕಿ ನೋಡೋಣ. ಸಿಲಿಕಾದ ಅಂಕಿ 0.020. 80 ನ್ಯಾನೋಮೀಟರ್ ಚಿನ್ನವನ್ನು ಚೆನ್ನಾಗಿ ತೆಳುಮಾಡಿದ ಸ್ಯಾಂಪಲ್‌ನ ಒಟ್ಟು ನಷ್ಟ 0.050. ಪಕ್ಕದಿಂದ ನೋಡಿದಾಗ ಚಿನ್ನದ ಎಣಿಕೆ ಸಿಲಿಕಾದ 1.1 ಪಟ್ಟು. ಹಾಗಾದರೆ ಚಿನ್ನದ ಚದುರಿಕೆ 0.020ರ 1.1 ಪಟ್ಟು, ಅಂದ್ರೆ 0.022. ಉಳಿದ 0.028 ಹೀರಿಕೆ. ಇಲ್ಲಿ ಎರಡು ಎಚ್ಚರಿಕೆ. ಸ್ಯಾಂಪಲ್ ಗಾಢವಾಗಿದ್ದರೆ ಚದುರಿದ ಬೆಳಕು ಹೊರಬರುವ ಮೊದಲೇ ಇನ್ನೊಂದು ಕಣ ಅದನ್ನು ಹೀರಿಬಿಡುತ್ತದೆ. ಆದ್ದರಿಂದ ಅಂಕಿ 0.1ಕ್ಕಿಂತ ಚೆನ್ನಾಗಿ ಕೆಳಗಿರಲಿ. ಎರಡನೆಯದು, ನಾವು ನೋಡುತ್ತಿರುವುದು ಒಂದೇ ಕೋನ. ಚಿಕ್ಕ ಕಣಗಳು ಮುಂದಕ್ಕೂ ಹಿಂದಕ್ಕೂ ಸಮನಾಗಿ ಚದುರಿಸುತ್ತವೆ, ದೊಡ್ಡವು ಮುಂದಕ್ಕೇ ಹೆಚ್ಚು. ದೊಡ್ಡ ಕಣಗಳನ್ನು ಚಿಕ್ಕ ಸಿಲಿಕಾ ಜೊತೆ ಹೋಲಿಸುವಾಗ ಈ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎರಡನೆಯದು: ಬಿಳಿ ಗೋಳದೊಳಗೆ ಅಳೆಯುವುದು. ಇಂಟಿಗ್ರೇಟಿಂಗ್ ಸ್ಫಿಯರ್ ಎಂಬುದು ಒಳಗೆಲ್ಲ ಅಚ್ಚಬಿಳಿ ಲೇಪನವಿರುವ ಟೊಳ್ಳು ಚೆಂಡು. ಲೇಪನ ಬೇರಿಯಂ ಸಲ್ಫೇಟ್‌ನದೋ ಟೆಫ್ಲಾನ್ ಜಾತಿಯ ವಸ್ತುವಿನದೋ ಆಗಿರುತ್ತದೆ. ಕ್ಯುವೆಟ್ಟನ್ನು ಅದರ ನಡುವೆ ಇಟ್ಟರೆ ಬೆಳಕು ಯಾವ ದಿಕ್ಕಿಗೆ ಚದುರಿದರೂ ಬಿಳಿ ಗೋಡೆಗೆ ಬಡಿದು ಬಡಿದು ಕೊನೆಗೆ ಡಿಟೆಕ್ಟರ್ ಸೇರುತ್ತದೆ. ಸಂತೆಯ ಉದಾಹರಣೆಯಲ್ಲಿ ಹೇಳಬೇಕೆಂದರೆ, ಗೆಳೆಯರ ಹತ್ತಿರ ಹೋದ ಹಣವೆಲ್ಲ ವಾಪಸು ಬಂತು, ಈಗ ಕಡಿಮೆ ಬಿದ್ದಿರುವುದು ನಿಜವಾದ ಖರ್ಚು. ಮಾಮೂಲಿ ವಿಧಾನದ ಅಂಕಿಯಿಂದ ಗೋಳದ ಅಂಕಿಯನ್ನು ಕಳೆದರೆ ಉಳಿಯುವುದು ಚದುರಿಕೆ. ಗೋಡೆಯಿಂದ ವಾಪಸಾದ ಬೆಳಕು ಮತ್ತೊಮ್ಮೆ ಸ್ಯಾಂಪಲ್ ಮೂಲಕ ಹಾಯುವುದರಿಂದ ಅದಕ್ಕೊಂದು ತಿದ್ದುಪಡಿ ಬೇಕಾಗುತ್ತದೆ. ಆದರೂ ಮೂರರಲ್ಲಿ ಎಲ್ಲ ಕೋನಗಳ ಬೆಳಕನ್ನೂ ಒಟ್ಟುಮಾಡುವುದು ಇದೊಂದೇ.

ಮೂರನೆಯದು: ಶಾಖ ಅಳೆಯುವುದು. ಹೀರಿದ ಬೆಳಕು ಶಾಖವಾಗಲೇಬೇಕಲ್ಲ? ಹಾಗಾದರೆ ಥರ್ಮಾಮೀಟರ್‌ನಿಂದಲೇ ಹೀರಿಕೆ ಅಳೆಯಬಹುದು. 20 ನ್ಯಾನೋಮೀಟರ್ ಚಿನ್ನದ ಸ್ಯಾಂಪಲ್ 532 ನ್ಯಾನೋಮೀಟರ್‌ನಲ್ಲಿ ಅಂಕಿ 1 ತೋರಿಸುತ್ತದೆ, ಅದರ ಮೇಲೆ 0.1 ವಾಟ್‌ನ ಹಸಿರು ಲೇಸರ್ ಬಿಟ್ಟೆವು ಅಂದುಕೊಳ್ಳಿ. ಶೇ. 90ರಷ್ಟು, ಅಂದ್ರೆ 0.09 ವಾಟ್ ಶಾಖವಾಗುತ್ತದೆ. 3 ಮಿಲಿಲೀಟರ್ ನೀರನ್ನು 1 ಡಿಗ್ರಿ ಬಿಸಿ ಮಾಡಲು ಸುಮಾರು 12.5 ಜೂಲ್ ಬೇಕು. ಹಾಗಾದರೆ ಮೊದಲ ನಿಮಿಷದಲ್ಲಿ ಸುಮಾರು 0.43 ಡಿಗ್ರಿ ಏರಿಕೆ. ಒಳ್ಳೆಯ ಥರ್ಮಿಸ್ಟರ್‌ಗೆ ಇದು ಸುಲಭವಾಗಿ ಸಿಗುತ್ತದೆ. ಅದೇ ಅಂಕಿ 1 ಇರುವ 80 ನ್ಯಾನೋಮೀಟರ್ ಸ್ಯಾಂಪಲ್ ಇಟ್ಟರೆ? ನೀರು ಇದಕ್ಕಿಂತ ನಿಧಾನವಾಗಿ ಬಿಸಿಯಾಗುತ್ತದೆ, ಯಾಕಂದ್ರೆ ಬೆಳಕಿನ ದೊಡ್ಡ ಪಾಲು ಶಾಖವಾಗದೆ ಹೊರಗೆ ಹೋಗಿಬಿಟ್ಟಿದೆ. ಒಂದು ಮಾತು ಮರೆಯಬೇಡಿ: ಈ ಶಕ್ತಿಯ ಲೇಸರ್ ಕಣ್ಣಿಗೆ ಅಪಾಯ. ಆ ತರಂಗಾಂತರಕ್ಕೆ ತಕ್ಕ ಕನ್ನಡಕ ಹಾಕದೆ, ಮೇಲ್ವಿಚಾರಕರಿಲ್ಲದೆ ಇದನ್ನು ಮುಟ್ಟಬಾರದು.

6. ಲ್ಯಾಬ್‌ನಲ್ಲಿ ಗಮನಿಸಬೇಕಾದ್ದು

ಉಪ್ಪು ಹತ್ತಿರ ಬರದಿರಲಿ. ಸಿಟ್ರೇಟ್ ಲೇಪನದ ಚಿನ್ನದ ಕಣಗಳು ಒಂದನ್ನೊಂದು ವಿದ್ಯುದಾವೇಶದಿಂದ ದೂರ ತಳ್ಳುತ್ತಾ ತೇಲುತ್ತಿರುತ್ತವೆ. ಉಪ್ಪು ಬಿದ್ದರೆ ಆ ತಳ್ಳಾಟ ಕ್ಷೀಣಿಸಿ ಕಣಗಳು ಗುಂಪುಗೂಡುತ್ತವೆ, ಕೆಂಪು ನೀರು ನೀಲಿ-ನೇರಳೆಯಾಗುತ್ತದೆ. ಬಫರ್‌ನಲ್ಲಿ ತೆಳುಮಾಡುವ ಅಭ್ಯಾಸವಿರುವ ಬಯೋಟೆಕ್ ಗೆಳೆಯರು ಇದನ್ನು ವಿಶೇಷವಾಗಿ ನೆನಪಿಡಿ. ತೆಳುಮಾಡಲು ಶುದ್ಧ ನೀರನ್ನೇ ಬಳಸಿ.

ಗೆರೆಯ ಬಾಲ ನೋಡಿ. ಚಿಕ್ಕ ಚಿನ್ನದ ಗುಂಡುಗಳಿಗೆ 800-900 ನ್ಯಾನೋಮೀಟರ್ ಹತ್ತಿರ ಹೆಚ್ಚೇನೂ ನಷ್ಟವಿರಬಾರದು. ಅಲ್ಲಿ ಗೆರೆ ಸೊನ್ನೆಯ ಬಳಿ ಇಳಿಯದಿದ್ದರೆ ಗುಂಪುಗೂಡಿದ ಕಣ, ಧೂಳು, ಕ್ಯುವೆಟ್ ಮೇಲಿನ ಬೆರಳಚ್ಚು, ಇವುಗಳಲ್ಲಿ ಒಂದನ್ನು ಅನುಮಾನಿಸಬೇಕು. ಶಿಖರದ ಎತ್ತರವನ್ನಷ್ಟೇ ಬರೆದುಕೊಂಡು ಏಳುವ ಬದಲು 300ರಿಂದ 900ರವರೆಗೆ ಪೂರ್ತಿ ಗೆರೆ ಉಳಿಸಿಕೊಳ್ಳುವುದು ಇದಕ್ಕೇ.

ತೆಳುಮಾಡಿ ತಾಳೆ ನೋಡಿ. ಅರ್ಧ ತೆಳುಮಾಡಿದರೆ ಅಂಕಿ ಅರ್ಧವಾಗಬೇಕು. ಆಗದಿದ್ದರೆ ಸ್ಯಾಂಪಲ್ ಕೆಡುತ್ತಿದೆ, ಇಲ್ಲವೇ ಬೆಳಕು ಒಂದು ಕಣದಿಂದ ಇನ್ನೊಂದಕ್ಕೆ ಚದುರುತ್ತಾ ಹೋಗುತ್ತಿದೆ.

ಯಂತ್ರದ ಹೆಸರನ್ನೂ ಬರೆದಿಡಿ. ದೊಡ್ಡ ಕಣಗಳು ಮುಂದಕ್ಕೆ ಚದುರಿಸಿದ ಬೆಳಕಿನಲ್ಲಿ ಒಂದು ಪಾಲು ಡಿಟೆಕ್ಟರ್ ಒಳಗೇ ನುಗ್ಗುತ್ತದೆ. ಡಿಟೆಕ್ಟರ್ ಎಷ್ಟು ದೂರ, ಅದರ ಬಾಯಿ ಎಷ್ಟು ಅಗಲ ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಒಂದೇ ಸ್ಯಾಂಪಲ್ ಎರಡು ಯಂತ್ರಗಳಲ್ಲಿ ಬೇರೆ ಬೇರೆ ಅಂಕಿ ಕೊಟ್ಟರೆ ಸ್ಯಾಂಪಲ್ಲನ್ನು ಬಯ್ಯುವ ಮೊದಲು ಇದನ್ನು ಯೋಚಿಸಿ.

7. ಇಷ್ಟೆಲ್ಲ ಯಾಕೆ ಬೇಕು?

ಒಂದು ಪದದ ವ್ಯತ್ಯಾಸ ಅಷ್ಟೇ ಅಲ್ವಾ ಅನ್ನಿಸಬಹುದು. ಈ ಕಣಗಳನ್ನು ಎಲ್ಲಿ ಬಳಸುತ್ತಾರೆ ಎಂದು ನೋಡಿದರೆ ಆ ಪದದ ಬೆಲೆ ಗೊತ್ತಾಗುತ್ತದೆ. ಗಡ್ಡೆಯೊಳಗೆ ಚಿನ್ನದ ಕಣ ಸೇರಿಸಿ, ಲೇಸರ್ ಬಿಟ್ಟು, ಆ ಶಾಖದಿಂದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಚಿಕಿತ್ಸೆಯ ಬಗ್ಗೆ ಬಹಳ ಸಂಶೋಧನೆ ನಡೆದಿದೆ. ಅಲ್ಲಿ ಕೆಲಸಕ್ಕೆ ಬರುವುದು ಹೀರಿಕೆ ಮಾತ್ರ. ಒಟ್ಟು ನಷ್ಟವನ್ನೇ ಹೀರಿಕೆ ಎಂದು ಹಿಡಿದರೆ ಹುಟ್ಟುವ ಶಾಖವನ್ನು ಹೆಚ್ಚಾಗಿ ಅಂದಾಜು ಮಾಡಿದಂತೆ. ಕಾಗದದ ಮೇಲೆ ಸಾಯುವ ಕೋಶ ನಿಜದಲ್ಲಿ ಬದುಕಿ ಉಳಿಯಬಹುದು. ಅದೂ ಅಲ್ಲದೆ ಚದುರಿದ ಬೆಳಕು ಎಲ್ಲಿಗೆ ಹೋಗಬಾರದೋ ಅಲ್ಲಿಗೂ ಹೋಗುತ್ತದೆ.

ಇದಕ್ಕೆ ತದ್ವಿರುದ್ಧ ಡಾರ್ಕ್-ಫೀಲ್ಡ್ ಸೂಕ್ಷ್ಮದರ್ಶಕ. ಅಲ್ಲಿ ಕಪ್ಪು ಹಿನ್ನೆಲೆಯಲ್ಲಿ ಒಂದೊಂದು ಕಣವೂ ನಕ್ಷತ್ರದ ಹಾಗೆ ಹೊಳೆಯಬೇಕು. ಬೇಕಾಗಿರುವುದು ಚದುರಿಕೆ. 20 ನ್ಯಾನೋಮೀಟರ್ ಕಣ ಇಲ್ಲಿ ತೀರಾ ಮಂಕು, 80ರದು ಚೆನ್ನಾಗಿ ಕಾಣುತ್ತದೆ. ಇನ್ನು ಗರ್ಭ ಪರೀಕ್ಷೆ, ಕೋವಿಡ್ ಪರೀಕ್ಷೆಯ ಪಟ್ಟಿಗಳಲ್ಲಿ ಹಲವುಗಳಲ್ಲಿ ಮೂಡುವ ಕೆಂಪು ಗೆರೆಯೂ ಚಿನ್ನದ ನ್ಯಾನೋಕಣಗಳದ್ದೇ. ಅಲ್ಲಿ ಬರಿಗಣ್ಣಿಗೆ ಬಣ್ಣ ಕಂಡರೆ ಸಾಕು. ಮೂರೂ ಕಡೆ ಇರುವುದು ಚಿನ್ನವೇ, ಕೇಳುವ ಪ್ರಶ್ನೆ ಬೇರೆ.

'ಹೀರಿಕೆಯೋ ಚದುರಿಕೆಯೋ' ಎಂಬ ಈ ಪ್ರಶ್ನೆಗೆ ನಮ್ಮ ಕಡೆಯ ನಂಟೂ ಇದೆ. 1921ರಲ್ಲಿ ಇಂಗ್ಲೆಂಡಿಗೆ ಬಂದಿದ್ದ ಸಿ.ವಿ. ರಾಮನ್, ಹಡಗಿನಲ್ಲಿ ಭಾರತಕ್ಕೆ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ನೋಡಿ ಅದರ ಕಾರಣ ಹುಡುಕಿದರು. ಅದು ಬರೀ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ತೋರಿಸಿದರು. ನೀರು ಕೆಂಪು ಬೆಳಕನ್ನು ಹೀರುತ್ತದೆ, ಉಳಿದದ್ದನ್ನು ಚದುರಿಸಿ ನಮ್ಮ ಕಣ್ಣಿಗೆ ಕಳಿಸುತ್ತದೆ, ಆ ನೀಲಿಯ ಹಿಂದೆ ಎರಡೂ ಇವೆ ಎಂಬುದು ಇಂದಿನ ತಿಳುವಳಿಕೆ. ಆ ಹುಡುಕಾಟದ ಮುಂದುವರಿಕೆಯೇ 1928ರ ರಾಮನ್ ಪರಿಣಾಮ. 1933ರಿಂದ ಕೊನೆಯವರೆಗೂ ರಾಮನ್ ನೆಲೆಸಿದ್ದು ಬೆಂಗಳೂರಿನಲ್ಲಿ. ಕಥೆ ಮತ್ತೆ ಇಂಗ್ಲೆಂಡಿಗೆ ಬಂದದ್ದು 1974ರಲ್ಲಿ. ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಒರಟು ಮಾಡಿದ ಬೆಳ್ಳಿಯ ಮೇಲೆ ಕೂತ ಪಿರಿಡಿನ್ ಅಣುಗಳಿಂದ ನಿರೀಕ್ಷೆಗೂ ಮೀರಿದ ರಾಮನ್ ಬೆಳಕು ಬಂತು. ಅದರ ಹಿಂದಿನ ಮುಖ್ಯ ಕಾರಣ ನಾವು ಮೇಲೆ ನೋಡಿದ ಅದೇ ಎಲೆಕ್ಟ್ರಾನುಗಳ ಉಯ್ಯಾಲೆ ಎಂಬುದು ಆಮೇಲೆ ಗೊತ್ತಾಯಿತು.

8. ನೀವೇ ಮಾಡಿ ನೋಡಿ

1) 20 ನ್ಯಾನೋಮೀಟರ್ ಚಿನ್ನದ ಸ್ಯಾಂಪಲ್ 1 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ ಶಿಖರದಲ್ಲಿ 0.45 ತೋರಿಸಿತು. ಪ್ರತಿ ಮಿಲಿಲೀಟರ್‌ಗೆ ಎಷ್ಟು ಕಣಗಳಿವೆ?

2) ಒಂದು ಸ್ಯಾಂಪಲ್ ಮಾಮೂಲಿ ವಿಧಾನದಲ್ಲಿ 0.10, ಬಿಳಿ ಗೋಳದೊಳಗೆ 0.06 ತೋರಿಸಿತು. ಒಟ್ಟು ನಷ್ಟದಲ್ಲಿ ಚದುರಿಕೆಯ ಪಾಲೆಷ್ಟು?

3) ಒಂದೇ ತೂಕದ ಚಿನ್ನವನ್ನು ಒಮ್ಮೆ 20 ನ್ಯಾನೋಮೀಟರ್ ಕಣಗಳಾಗಿ, ಒಮ್ಮೆ 40 ನ್ಯಾನೋಮೀಟರ್ ಕಣಗಳಾಗಿ ಮಾಡಿದೆವು. ಸರಳ ನಿಯಮದ ಪ್ರಕಾರ ಒಟ್ಟು ಹೀರಿಕೆ, ಒಟ್ಟು ಚದುರಿಕೆ ಹೇಗೆ ಬದಲಾಗುತ್ತವೆ?

4) 20 ನ್ಯಾನೋಮೀಟರ್ ಸ್ಯಾಂಪಲ್‌ನ ಗೆರೆ 900 ನ್ಯಾನೋಮೀಟರ್‌ನಲ್ಲಿ 0.08ರಲ್ಲೇ ನಿಂತಿದೆ. ಮೊದಲು ಏನು ಮಾಡುತ್ತೀರಿ?

ಉತ್ತರಗಳು: 1) 0.5 ನ್ಯಾನೋಮೋಲಾರ್, ಅಂದ್ರೆ ಸುಮಾರು 30 ಸಾವಿರ ಕೋಟಿ. 2) ಚದುರಿಕೆ 0.04, ಅಂದ್ರೆ ಶೇ. 40. 3) ಕಣಗಳ ಸಂಖ್ಯೆ ಎಂಟನೇ ಒಂದಾಗುತ್ತದೆ. ಒಂದೊಂದು ಕಣದ ಹೀರಿಕೆ 8 ಪಟ್ಟು, ಹಾಗಾಗಿ ಒಟ್ಟು ಹೀರಿಕೆ ಅಷ್ಟೇ ಉಳಿಯುತ್ತದೆ. ಒಂದೊಂದು ಕಣದ ಚದುರಿಕೆ 64 ಪಟ್ಟು, ಹಾಗಾಗಿ ಒಟ್ಟು ಚದುರಿಕೆ 8 ಪಟ್ಟಾಗುತ್ತದೆ. 4) ಕ್ಯುವೆಟ್ ಒರೆಸಿ, ಬ್ಲ್ಯಾಂಕ್ ಮತ್ತೆ ತೆಗೆದು ಅಳೆಯಬೇಕು. ಆಗಲೂ ಇಳಿಯದಿದ್ದರೆ ಕಣಗಳು ಗುಂಪುಗೂಡಿವೆಯೇ ಎಂದು ನೋಡಬೇಕು.

ಮುಂದಿನ ಸಲ ವರದಿ ಬರೆಯುವಾಗ ಗ್ರಾಫಿನ ಪಕ್ಕದ ಆ ಒಂದು ಪದದ ಬಳಿ ಸ್ವಲ್ಪ ನಿಲ್ಲಿ. ನೇರ ಕಿರಣದಲ್ಲಿ ಅಳೆದಿದ್ದರೆ 'ಎಕ್ಸ್‌ಟಿಂಕ್ಷನ್' ಎಂದು ಬರೆಯಿರಿ. ಗೋಳದಲ್ಲೋ ಶಾಖದಲ್ಲೋ ಅಳೆದಿದ್ದರೆ ಮಾತ್ರ 'ಅಬ್ಸಾರ್ಪ್ಷನ್' ಎನ್ನಿ. ಕಣದ ಗಾತ್ರ, ಅಳೆದ ವಿಧಾನ ಎರಡನ್ನೂ ಅದರ ಕೆಳಗೆ ಒಂದು ಸಾಲಿನಲ್ಲಿ ಸೇರಿಸಿ. ನಿಮ್ಮ ಅಂಕಿಯನ್ನು ನಂಬಿ ಮುಂದಿನ ಪ್ರಯೋಗ ಮಾಡುವವರಿಗೆ ಆ ಒಂದು ಸಾಲೇ ದೊಡ್ಡ ಉಪಕಾರ.